ಮಾವ ಕಲಿಸಿದ ಕವಣೆ

ಎಲ್ಲಾದರೂ ಸೀತನಿ ಸುಡುವ ವಾಸನೆ ಬಂದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಮೊಮ್ಮಕ್ಕಳು ನಗುತ್ತವೆ, ಹಸಿ ಜೋಳದ ತೆನೆ ಕೆಂಡದ ಮೇಲೆ ಚಟಪಟ ಅಂದರೆ ಯಾರಿಗೆ ಬಾಯಲ್ಲಿ ನೀರೂರುವುದಿಲ್ಲ? ನನಗೆ ಮಾತ್ರ ಚಿಕ್ಕನರಗುಂದದ ನಮ್ಮ ಹೊಲ, ನಡುವಿನ ಕಾವಲು ಅಟ್ಟ, ಸೋದರಮಾವನ ಒರಟು ಕೈ ನೆನಪಾಗುತ್ತವೆ. ಅಲ್ಲಿನ ನಮ್ಮ ಮನೆಯೂ ಈಗ ಬರೀ ಮಣ್ಣಿನ ದಿಬ್ಬ.

ನನಗಾಗ ಒಂಬತ್ತು ವರ್ಷ. ಹಕ್ಕಿ ಕಾಯಲು ಕವಣೆ ಬೀಸುವುದನ್ನು ಮಾವನೇ ಕಲಿಸಿದ್ದ. ಹಗ್ಗದ ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳಿನಡಿ, ನಡುವಿನ ಹೆಣಿಗೆಯಲ್ಲಿ ಕಲ್ಲು. ಎಡಗಾಲು ಮುಂದೆ, ತಲೆಯ ಮೇಲೆ ಎರಡು ಸುತ್ತು, ಮೂರನೆಯದಕ್ಕೆ ಬಿಡಬೇಕು. ಮೊದಮೊದಲು ನನ್ನ ಕಲ್ಲು ನನ್ನ ಬೆನ್ನ ಹಿಂದೆಯೇ ಬೀಳುತ್ತಿತ್ತು. ಬೈಯುವುದರಲ್ಲಿ ಮಾವನದು ಎತ್ತಿದ ಕೈ. ಒಂದು ಮಾತನ್ನು ಮಾತ್ರ ಮೆಲ್ಲಗೆ ಹೇಳುತ್ತಿದ್ದ. ಜೋಳ ಆಳೆತ್ತರ ನಿಂತಾಗ ಒಳಗೆ ಯಾರಿದ್ದರೂ ಕಾಣುವುದಿಲ್ಲವಲ್ಲ. "ಮೊದ್ಲ ಕೂಗಬೇಕವ್ವಾ. ಒಳಗಿಂದ ಯಾರರ ಓ ಅಂದ್ರ ಕೈ ತಡಿ. ಅನ್ನಲಿಲ್ಲಂದ್ರ ಬಿಡು."

ನರಗುಂದದ ಕೋಟೆ ಬಿಳಿಯರ ಕೈಗೆ ಬಿದ್ದ ವರ್ಷ ಅದು. ಕೋಟೆಯ ಕಡೆ ಕಾದಾಡಿದ್ದ ಮಾವ ಮಳೆಗಾಲದಿಂದ ಮನೆಗೆ ಬಂದಿರಲಿಲ್ಲ. ಸಿಕ್ಕರೆ ಗಲ್ಲು ಎಂದು ಅವ್ವ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅಟ್ಟದ ಬುಡದಲ್ಲಿ ಸೀತನಿ ಸುಡಲು ಬೆಂಕಿ ಹಾಕಿ ಮೇಲೆ ಹತ್ತಿದೆ. ಬದುವಿನ ಮೇಲೆ ಬಿಳಿಯರ ಪಡೆಯ ಇಬ್ಬರು ಸವಾರರು ಬಂದು ಕುದುರೆ ನಿಲ್ಲಿಸಿದರು. ಅಷ್ಟರಲ್ಲಿ ಹೊಲದೊಳಗೆ ದಂಟು ಅಲುಗಿತು. ಹಂದಿ ಎಂದುಕೊಂಡೆ. ಕೂಗಿದೆ. ಉತ್ತರವಿಲ್ಲ. ಮತ್ತೊಮ್ಮೆ ಕೂಗಿದೆ. ಎರಡು ಸುತ್ತು ಬೀಸಿ ಮೂರನೆಯದಕ್ಕೆ ಬಿಟ್ಟೆ. ಜೀವಮಾನದಲ್ಲಿ ನಾನು ಅಷ್ಟು ಸರಿಯಾಗಿ ಹೊಡೆದದ್ದಿಲ್ಲ.

ಸವಾರರು "ಶಾಬಾಸ್!" ಎಂದು ನಗುತ್ತ, ಹಂದಿಗೆ ಬಿತ್ತೆಂದುಕೊಂಡು ಹೊರಟುಹೋದರು. ಇಳಿದು ನೋಡಿದರೆ ಮಾವ. ಹಸಿದು, ಸೀತನಿಯ ವಾಸನೆ ಹಿಡಿದು ಬಂದಿದ್ದ. ಹಣೆ ಒಡೆದಿತ್ತು. ಚೀರುದನಿ ಹೊರಬೀಳದಂತೆ ರುಮಾಲಿನ ಚುಂಗನ್ನು ಬಾಯಿಗೆ ತುರುಕಿಕೊಂಡಿದ್ದ. ನಾನು ಅಳುತ್ತ ಅದನ್ನು ತೆಗೆದೆ.

"ನೀ ಎರಡ ಸಲ ಕೂಗಿದಿ ಯವ್ವಾ, ನಾ ಕೇಳೇನಿ," ಎಂದ. "ಕುದ್ರಿಯವ್ರು ನಿಂತಿದ್ರು, ಓ ಅನ್ನಾಕ ಬರಲಿಲ್ಲ. ತಪ್ಪು ನಂದು, ಅಳಬ್ಯಾಡ."

ಸಂಜೆಯೊಳಗೆ ತೀರಿಹೋದ. ಅಪ್ಪ, ಅವ್ವ ಅವನನ್ನು ಅದೇ ಹೊಲದಲ್ಲಿ ಮಣ್ಣು ಮಾಡಿದರು. ಊರಿಗೆ ತಿಳಿಯುವಂತಿರಲಿಲ್ಲ, ಗಟ್ಟಿಯಾಗಿ ಅಳುವಂತೆಯೂ ಇರಲಿಲ್ಲ. ಅವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಹಕ್ಕಿಗಳು ಹೊಲಕ್ಕೆ ಎರಗಿದವು. ಅಟ್ಟ ಹತ್ತಿ ಕೂಗಿದೆ. ಓ ಎನ್ನುವವರಿಲ್ಲ. ಆದರೂ ಕಲ್ಲು ಬಿಡಲು ಕೈ ಬರಲಿಲ್ಲ. ಹೊತ್ತು ಮುಳುಗುವವರೆಗೆ ಕೂಗುತ್ತಲೇ ಇದ್ದೆ.