ಕಟ್ಟಿಗೆ ತರಲು ಹೋದ ಬೆಳಿಗ್ಗೆ

2006ರ ಚಳಿಗಾಲ. ನಾವು ನ್ಯೂಜಿಲೆಂಡಿಗೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಮ್ಮ ಮನೆಯವರು ರಿಯಾಜ್, ದಕ್ಷಿಣ ದ್ವೀಪದ ಸೆಂಟ್ರಲ್ ಒಟಾಗೊದಲ್ಲಿ ಹಣ್ಣು ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ನಾನು ದಾವಣಗೆರೆಯವಳು, ಬಿಸಿಲು ಬಿಟ್ಟರೆ ಬೇರೆ ಗೊತ್ತಿಲ್ಲ. ಆ ಊರಲ್ಲೋ ಮಳೆ ಕಡಿಮೆ, ಗಾಳಿ ಒಣ ಒಣ, ಜೂನ್ ಬಂತೆಂದರೆ ಚಳಿಗಾಲ, ತುಟಿ ಒಡೆದು ರಕ್ತ ಬರುವಷ್ಟು ಚಳಿ. ಹಿಮ ಬಿದ್ದರೂ ಪುಡಿಪುಡಿಯಾಗಿ ಬಿದ್ದು, ಊದಿದರೆ ಹಾರಿಹೋಗುತ್ತಿತ್ತು. ಆ ಸಲ ಬಿದ್ದದ್ದು ಮಾತ್ರ ಬೇರೆ ತರಹದ ಹಿಮ. ನೆನೆದ ಹತ್ತಿಯ ಹಾಗೆ ಭಾರವಾಗಿ, ಬಿದ್ದಲ್ಲೇ ಅಂಟಿಕೊಳ್ಳುವ ಹಿಮ.

ಬೆಳಿಗ್ಗೆ ಎದ್ದಾಗ ಕರೆಂಟ್ ಇರಲಿಲ್ಲ. ಕೋಲ್ಡ್ ಸ್ಟೋರೇಜಿನ ಜನರೇಟರ್ ನೋಡಬೇಕೆಂದು ರಿಯಾಜ್ ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಚೈನ್ ಕಟ್ಟಿಕೊಂಡು ಬೇಗ ಹೊರಟುಹೋಗಿದ್ದರು. ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು ಆಫ್ರೀನ್. ಅಡುಗೆಯೂ ಕರೆಂಟಿನದೇ ಆದ್ದರಿಂದ ಬಿಸಿ ಅಂತ ಇದ್ದದ್ದು ನಡುಮನೆಯಲ್ಲಿದ್ದ ಕಟ್ಟಿಗೆ ಒಲೆ ಒಂದೇ. ಒಳಗೆ ತಂದಿಟ್ಟಿದ್ದ ಕಟ್ಟಿಗೆ ಒಂಬತ್ತು ಗಂಟೆಗೆಲ್ಲ ಮುಗಿಯಿತು.

ಉಳಿದ ಕಟ್ಟಿಗೆ ಹಿತ್ತಲಲ್ಲಿತ್ತು. ಹಿತ್ತಲಲ್ಲಿ ಒಂದು ಹಳೆಯ ದೇವದಾರು ಮರ. ಮನೆ ಬಾಡಿಗೆಗೆ ಹಿಡಿದಾಗ ಆ ಮರದ ಅಗಲ ನೋಡಿ, ಕೆಳಗೆ ಒಣಗಿರುತ್ತದೆಂದು ನಾವೇ ಕಟ್ಟಿಗೆಯನ್ನು ಅದರಡಿ ಪೇರಿಸಿದ್ದೆವು. ಅವತ್ತು ಬಾಗಿಲು ತೆಗೆದರೆ ಊರೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಆಗಾಗ ದೂರದಲ್ಲೆಲ್ಲೋ ಪಟಾಕಿ ಹೊಡೆದ ಹಾಗೆ ಒಂದು ಶಬ್ದ. ಏನೆಂದು ನನಗೆ ಗೊತ್ತಾಗಲಿಲ್ಲ.

ಬೇಲಿಯಾಚೆಯಿಂದ ಮಾರ್ಗರೆಟ್ ಆಂಟಿ ಕರೆದರು. ಪಕ್ಕದ ಮನೆಯವರು, ಎಪ್ಪತ್ತರ ಹತ್ತಿರದ ವಯಸ್ಸು, ಒಂಟಿ. ಹರೆಯದಿಂದಲೂ ಹಣ್ಣಿನ ತೋಟಗಳಲ್ಲಿ ಮರ ಸವರುವ ಕೆಲಸ ಮಾಡಿದವರು, ಆಗಲೂ ಹೋಗುತ್ತಿದ್ದರು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅಷ್ಟು ಹಿರಿಯರನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ, ಅದಕ್ಕೇ ಆಂಟಿ ಅನ್ನುತ್ತಿದ್ದೆ. ಅವರು ಕೈ ಎತ್ತಿ ಮರದ ಮೇಲ್ಭಾಗ ತೋರಿಸಿದರು. ದೊಡ್ಡದೊಂದು ಕೊಂಬೆ ಬುಡದಲ್ಲಿ ಮುರಿದು, ಕೆಳಗೆ ಬೀಳದೆ ಇನ್ನೊಂದು ಕೊಂಬೆಯ ಮೇಲೆ ಒರಗಿ ನಿಂತಿತ್ತು. ಆ ಪಟಾಕಿಯ ಶಬ್ದ ಮರಗಳು ಮುರಿಯುವುದೇ ಅಂತ ಹೇಳಿದರು. ಮರ ನೋಡಿಕೊಳ್ಳುವವನಿಗೆ ಈಗಲೇ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಮರದ ಕೆಳಗೆ ಹೆಜ್ಜೆ ಇಡಬೇಡ, ಕಟ್ಟಿಗೆ ನಮ್ಮ ಗ್ಯಾರೇಜಿನಿಂದ ಕೊಡುತ್ತೇನೆ ಅಂದರು. ನಾನು ಸರಿ ಅಂದೆ. ಒಳಗೆ ಹೋಗುವ ಮುಂಚೆ ತಿರುಗಿ ನಿಂತು ಇನ್ನೊಂದು ಸಲ ಹೇಳಿದರು.

ಹತ್ತು ನಿಮಿಷ ಕಾದೆ. ಆಫ್ರೀನ್ ಕಾಲು ಮುಟ್ಟಿದರೆ ಮಂಜುಗಡ್ಡೆ. ಒಲೆಯಲ್ಲಿ ಕೆಂಡ ಬೂದಿಯಾಗುತ್ತಿತ್ತು. ಆಂಟಿಯ ಬಾಗಿಲು ಬಡಿಯಲು ಸಂಕೋಚ. ಹಿಂದಿನ ವಾರವಷ್ಟೇ ಅವರಿಂದ ಏನೋ ಇಸಕೊಂಡಿದ್ದೆ. ಗಾಳಿ ಒಂದಿಷ್ಟೂ ಇಲ್ಲ, ಎಲೆ ಅಲುಗುತ್ತಿಲ್ಲ, ಇಪ್ಪತ್ತು ಹೆಜ್ಜೆ ದೂರ, ಎರಡು ನಿಮಿಷದ ಕೆಲಸ ಅಂದುಕೊಂಡೆ. ಬಟ್ಟೆ ಬುಟ್ಟಿ ಹಿಡಿದು ಹೋದೆ.

ನಾಲ್ಕೈದು ತುಂಡು ಹಾಕಿಕೊಂಡಿರಬೇಕು. ಆಂಟಿ ಕೂಗಿದ್ದು ಕೇಳಿಸಿತು. ಓಡಬೇಕಿತ್ತು. ನಾನು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಬುಟ್ಟಿ ಇಟ್ಟು, ನೆಟ್ಟಗೆ ನಿಂತು, ಅವರ ಮುಖ ನೋಡುತ್ತಾ ಏನು ಸಬೂಬು ಹೇಳಲಿ ಅಂತ ಯೋಚಿಸುತ್ತಿದ್ದೆ. ಅವರು ಮನೆಯ ಚಪ್ಪಲಿಯಲ್ಲೇ ಬೇಲಿಯ ಗೇಟು ದಾಟಿ ಬಂದರು. ಎರಡೂ ಕೈಯಿಂದ ನನ್ನ ಎದೆಗೆ ಗುದ್ದಿ ತಳ್ಳಿದರು.

ಆಮೇಲಿನ ಶಬ್ದ ಹೇಗಿತ್ತೆಂದು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ನೆಲ ನಡುಗಿತು. ಕಣ್ಣ ಮುಂದೆ ಬರೀ ಬಿಳಿ. ಹಿಮದ ಪುಡಿ ಇಳಿದಾಗ ನಾನು ಬೇಲಿಗೆ ಒರಗಿ ಬಿದ್ದಿದ್ದೆ. ಬುಟ್ಟಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಆಂಟಿ ಅಂಗಾತ ಬಿದ್ದಿದ್ದರು. ಅವರ ಎಡಗಾಲು ಮೊಣಕಾಲಿನಿಂದ ಮೇಲೆ ಮಾತ್ರ ಕಾಣುತ್ತಿತ್ತು. ಉಳಿದದ್ದು ಕೊಂಬೆಯ ಕೆಳಗೆ.

ನಾನು ಕೊಂಬೆಯನ್ನು ತಬ್ಬಿಕೊಂಡು ಎಳೆಯಲು ಹೋದೆ. ಕೂಗುತ್ತಿದ್ದೆನಂತೆ, ನನಗೆ ಗೊತ್ತಿಲ್ಲ. ಆಂಟಿ ತೆಳ್ಳಗಿನ ದನಿಯಲ್ಲಿ, "ಬಿಡು. ಮೊದಲು ಫೋನ್ ಮಾಡು" ಅಂದರು. ಹಳೆಯ ತಂತಿ ಫೋನಾದ್ದರಿಂದ ಕರೆಂಟಿಲ್ಲದೆಯೂ ಕೆಲಸ ಮಾಡುತ್ತಿತ್ತು. ತುರ್ತು ನಂಬರ್ ಒತ್ತಿದೆ. ರಸ್ತೆಯ ತುಂಬ ಹಿಮ, ಮರಗಳು ಬಿದ್ದಿವೆ, ಆಂಬುಲೆನ್ಸ್ ತಡವಾಗಬಹುದು ಎಂದರು.

ಆಗ ನನಗೆ ಜಾಕ್ ನೆನಪಾಯಿತು. ಗಂಡ ಮೆಕ್ಯಾನಿಕ್, ಕಾರು ಎತ್ತುವ ಜಾಕ್ ಹಾಕುವುದು ನನಗೂ ಗೊತ್ತಿತ್ತು. ನಮ್ಮ ಗ್ಯಾರೇಜಿನಿಂದ ಹೊತ್ತು ತಂದು ಕೊಂಬೆಯ ಕೆಳಗೆ ಇಡುತ್ತಿದ್ದೆ. ಆಂಟಿ ನನ್ನ ಮಣಿಕಟ್ಟು ಹಿಡಿದರು.

"ಮೇಲೆ ನೋಡು" ಅಂದರು.

ನೋಡಿದೆ. ಬಿದ್ದ ಕೊಂಬೆಯ ಒಂದು ತುದಿ ನೆಲದಲ್ಲಿ, ಇನ್ನೊಂದು ತುದಿ ಇನ್ನೂ ಮರದ ಕಾಂಡಕ್ಕೆ ಒರಗಿತ್ತು. ನಡುವೆ ಬಿಲ್ಲಿನ ಹಾಗೆ ಬಾಗಿತ್ತು. ಅದರ ಮೇಲ್ತುದಿಗೆ ಇನ್ನೊಂದು ಕೊಂಬೆ ಮುರಿದು ಆತುಕೊಂಡಿತ್ತು, ಮೊದಲಿನದಕ್ಕಿಂತ ದಪ್ಪದ್ದು. ಕೆಳಗಿನದನ್ನು ಒಂದು ಬೆರಳು ಎತ್ತಿದರೂ ಅದು ಜಾರುತ್ತಿತ್ತು. ನನ್ನ ಕೈಯಿಂದ ಜಾಕ್ ಕೆಳಗೆ ಬಿತ್ತು.

ಮಗು ಹತ್ತಿರ ಹೋಗು ಅಂದರು. ನಾನು ಹೋಗಿ, ಆಫ್ರೀನಳಿಗೆ ಎರಡು ಸ್ವೆಟರ್ ತೊಡಿಸಿ ಕಿಟಕಿಯ ಹತ್ತಿರ ಕೂರಿಸಿ, ಊರಿಂದ ತಂದಿದ್ದ ಕೌದಿಗಳನ್ನೆಲ್ಲ ಎಳೆದುಕೊಂಡು ವಾಪಸು ಬಂದೆ. ಆಂಟಿಯ ತಲೆ ಇದ್ದ ಜಾಗ ಮಾತ್ರ ಕೊಂಬೆಗಳ ಹರವಿನಿಂದ ಆಚೆಗಿತ್ತು. ಅಲ್ಲಿ ಹಿಮದಲ್ಲೇ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮೊದಮೊದಲು ಅವರೇ ಮಾತಾಡುತ್ತಿದ್ದರು. ಬರಬರುತ್ತಾ ಮಾತು ತೊದಲಿತು. ನಡುಕ ನಿಂತಿತು. ನಡುಕ ನಿಂತರೆ ಒಳ್ಳೆಯದೆಂದುಕೊಂಡಿದ್ದೆ, ಅದು ಕೆಟ್ಟದ್ದೆಂದು ಆಮೇಲೆ ಗೊತ್ತಾಯಿತು. ನಿದ್ದೆ ಹೋಗಬಾರದೆಂದು ಏಪ್ರಿಕಾಟ್ ಮರ ಹೇಗೆ ಸವರುವುದು, ಚೆರ್ರಿ ಹೇಗೆ ಅಂತ ಬಾಯಿಗೆ ಬಂದದ್ದು ಕೇಳುತ್ತಾ ಹೋದೆ. ಒಂದೊಂದು ಪದದಲ್ಲಿ ಉತ್ತರ ಬರುತ್ತಿತ್ತು. ಕಿಟಕಿಯ ಗಾಜಿಗೆ ಮುಖ ಒತ್ತಿಕೊಂಡು ಆಫ್ರೀನ್ ನೋಡುತ್ತಲೇ ಇದ್ದಳು.

ಮುಕ್ಕಾಲು ಗಂಟೆಯ ಮೇಲಾಗಿತ್ತು. ಮೊದಲು ಬಂದದ್ದು ಆಂಬುಲೆನ್ಸ್ ಅಲ್ಲ, ಆಂಟಿ ಬೆಳಿಗ್ಗೆಯೇ ಫೋನ್ ಮಾಡಿ ಕರೆದಿದ್ದ ಮರದವನು. ಹೆಸರು ಹೆಮಿ, ಆ ದೇಶದ ಮೂಲನಿವಾಸಿ ಮಾವೊರಿ ಜನದವನು, ಎತ್ತರದ ಆಳು. ಜೊತೆಗೆ ಅವನ ಹೆಂಡತಿ. ಗರಗಸದ ಮೆಷಿನ್ ತಕ್ಷಣ ಶುರುಮಾಡುತ್ತಾನೆಂದುಕೊಂಡರೆ, ಅವನು ಮರದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ನನಗೆ ಕಿರುಚಬೇಕೆನಿಸಿತು. ಅವನ ಹೆಂಡತಿ ತನ್ನ ಹೆಲ್ಮೆಟ್ ತೆಗೆದು ನನ್ನ ತಲೆಗೆ ಹಾಕಿ, ಆಂಟಿಯ ಮುಖದ ಮೇಲೆ ಬಾಗಿ ಕೂತಿರು ಅಂದಳು. ಹೆಮಿ ಮರ ಹತ್ತಿ, ಮೇಲಿನ ಮುರಿದ ಕೊಂಬೆಗೆ ಎರಡು ಕಡೆ ಹಗ್ಗ ಬಿಗಿದು ಅದನ್ನು ಕಾಂಡಕ್ಕೆ ಕಟ್ಟಿದ. ಅಷ್ಟರಲ್ಲಿ ಅಗ್ನಿಶಾಮಕದವರೂ ಬಂದರು. ಆಮೇಲೆ ಹೆಮಿ ಕೆಳಗಿನ ಕೊಂಬೆಯನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ ಬಂದ. ಕೊಯ್ದಷ್ಟು ಸಲವೂ ನಿಂತು ನೋಡುತ್ತಿದ್ದ. ಕೊನೆಗೆ ಕೊಂಬೆ ನಿಟ್ಟುಸಿರು ಬಿಟ್ಟ ಹಾಗೆ ಎರಡಂಗುಲ ಮೇಲೆದ್ದಿತು. ಆಂಟಿ ಆಗ ಚೀರಿದರು. ಆ ಕಾಲನ್ನು ನಾನು ನೋಡಿದೆ. ನೋಡಬಾರದಿತ್ತು.

ಆಂಬುಲೆನ್ಸ್ ಬಂದು ಆಂಟಿಯನ್ನು ಕರೆದುಕೊಂಡು ಹೋದ ಮೇಲೆ ಹೆಮಿ ಹಿಮದೊಳಗಿಂದ ಜಾಕ್ ಎತ್ತಿ, ಇದು ಯಾರದು ಅಂತ ಕೇಳಿದ. ನನ್ನದೇ ಅಂದೆ.

"ಹಾಕಿದ್ದರೆ ನಾನು ಇಬ್ಬರನ್ನು ಹೊರತೆಗೆಯಬೇಕಿತ್ತು" ಅಂದ. ಬೈಯುವ ದನಿಯಲ್ಲಿ ಅಲ್ಲ. ಜಾಕನ್ನು ಒರೆಸಿ ನನ್ನ ಕೈಗೆ ಕೊಟ್ಟ.

ಮರುದಿನದಿಂದ ಊರಿನವರು ಒಬ್ಬೊಬ್ಬರಾಗಿ ಬಂದರು. ಕೇಕು ತಂದರು, ಕಟ್ಟಿಗೆ ತಂದು ಬಾಗಿಲಲ್ಲೇ ಪೇರಿಸಿದರು. ಹಿಮದಲ್ಲಿ ಅಷ್ಟು ಹೊತ್ತು ಕೂತು ಮಾರ್ಗರೆಟ್‌ಳನ್ನು ಉಳಿಸಿದೆಯಲ್ಲ, ಎಂಥ ಧೈರ್ಯ ಅಂದರು. ಕೊಂಬೆ ಬಿತ್ತು, ಆಂಟಿ ಸಿಕ್ಕಿಕೊಂಡರು ಅನ್ನುವುದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಅವರು ನನ್ನ ಹಿತ್ತಲಿಗೆ ಯಾಕೆ ಬಂದರೆಂದು ಒಬ್ಬರೂ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಗಂಡನಿಗೂ ಹೇಳಲಿಲ್ಲ.

ಹತ್ತು ದಿನದ ಮೇಲೆ ಡನೀಡನ್ ನಗರದ ಆಸ್ಪತ್ರೆಗೆ ನೋಡಲು ಹೋದೆವು. ಕಾಲು ಎರಡು ಕಡೆ ಮುರಿದು, ಒಳಗೆ ರಾಡ್ ಹಾಕಿದ್ದರು. ರಿಯಾಜ್ ಆಫ್ರೀನಳನ್ನು ಕರೆದುಕೊಂಡು ಹೊರಗೆ ಹೋದಾಗ ನಾನು ಅವರ ಕೈ ಹಿಡಿದುಕೊಂಡು, ನೀವು ಎರಡು ಸಲ ಹೇಳಿದರೂ ನಾನೇ ಹೋದೆ, ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಅಂದೆ.

ಅವರು ಅಂದರು, "ಹೇಳಬೇಡ. ಅದು ಸಣ್ಣ ಊರು. ಹೇಳಿದರೆ ನಿನ್ನನ್ನು ಕಂಡಾಗಲೆಲ್ಲ ಅವರಿಗೆ ಅದೇ ಕಾಣುತ್ತದೆ. ನೀನು ಅಲ್ಲಿ ಮಗಳನ್ನು ಬೆಳೆಸಬೇಕು."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ನೋವಿನ ಮಾತ್ರೆ ಕೊಡುವ ಹೊತ್ತಾಯಿತು, ನರ್ಸ್‌ನ ಕರೆ ಅಂದರು.

ಮರವನ್ನು ಕಡಿಸಿಬಿಡಿ ಎಂದು ನಾನು ಮನೆ ಮಾಲೀಕರಿಗೆ ಹೇಳಿದ್ದೆ. ಹೆಮಿ ಬಂದು ನೋಡಿ, ಬೇರು ಗಟ್ಟಿಯಿದೆ, ಮುರಿದದ್ದನ್ನು ಸರಿಯಾಗಿ ಕೊಯ್ದರೆ ಬದುಕುತ್ತದೆ ಅಂತ ಉಳಿಸಿದ. ಆಂಟಿ ಬೇಸಿಗೆಯ ಹೊತ್ತಿಗೆ ಕೋಲು ಹಿಡಿದು ನಡೆದರು. ತೋಟದ ಕೆಲಸಕ್ಕೆ ಮಾತ್ರ ಮತ್ತೆ ಹೋಗಲಾಗಲಿಲ್ಲ. ಏಣಿ ಹತ್ತುವ ಕಾಲು ಅದೇ ಆಗಿತ್ತು.

ಎರಡು ವರ್ಷದ ನಂತರ ರಿಯಾಜ್‌ಗೆ ಆಕ್ಲೆಂಡಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಮೌಂಟ್ ರಾಸ್ಕಿಲ್ ಬಡಾವಣೆಗೆ ಬಂದೆವು. ವರ್ಷಕ್ಕೆ ನಾಲ್ಕೈದು ಸಲ ಫೋನಿನಲ್ಲಿ ಮಾತಾಡುತ್ತಿದ್ದೆವು. ಒಂದು ದಿನ ಅವರ ತಮ್ಮನ ಮಗಳು ಫೋನ್ ಮಾಡಿ, ಆಂಟಿ ನಿದ್ದೆಯಲ್ಲೇ ತೀರಿಕೊಂಡರು ಅಂತ ತಿಳಿಸಿದಳು. ಅವಳು ಕೊನೆಗೆ ಹೇಳಿದ ಮಾತು, "ಅವತ್ತು ನಮ್ಮ ಅತ್ತೆಯ ಜೀವ ಉಳಿಸಿದ್ದಕ್ಕೆ ನಮ್ಮ ಮನೆಯವರೆಲ್ಲ ನಿಮಗೆ ಋಣಿ."

ಅಲ್ಲ ಅನ್ನಲು ಬಾಯಿ ತೆರೆದೆ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಆ ಸಂಜೆ ರಿಯಾಜ್‌ಗೆ ಎಲ್ಲವನ್ನೂ ಹೇಳಿದೆ. ಅವರು ಬಂದು ನನ್ನ ಪಕ್ಕ ಕೂತರು. ಆಂಟಿಯ ತಮ್ಮನ ಮನೆಯವರು ಇಂದಿಗೂ ನನಗೆ ಹೊಸ ವರ್ಷದ ಕಾರ್ಡ್ ಕಳಿಸುತ್ತಾರೆ. ಬಂದ ಕಾರ್ಡನ್ನು ಎತ್ತಿಡುತ್ತೇನೆ, ಗೋಡೆಗೆ ಹಚ್ಚಲು ಮನಸ್ಸು ಬರುವುದಿಲ್ಲ.