ಜೊತೆಗೆ ಬಂದ ಏಜೆಂಟ್ ಮಾವ

ಬಸ್ಸು ಹೊರಡುವ ಹೊತ್ತಿಗೆ "ಹೊಸನಗರ, ತೀರ್ಥಹಳ್ಳಿ" ಎಂದು ಕೂಗುವಾಗ ಅವರ ಕುತ್ತಿಗೆಯ ನರ ಹೆಬ್ಬೆರಳಿನಷ್ಟು ದಪ್ಪಗೆ ಉಬ್ಬುತ್ತಿತ್ತು. ಸಾಗರದ ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಆ ದನಿ ಪೇಟೆಯ ತುದಿಗೆ ಕೇಳುತ್ತಿತ್ತು. ಅದೇ ಮನುಷ್ಯ ಸಂಜೆ ನಮ್ಮ ಮನೆ ಬಾಗಿಲಲ್ಲಿ ನಿಂತು ಒಂದು ಲೋಟ ಮಜ್ಜಿಗೆ ಕೇಳಿದರೆ, ಏನು ಬೇಕೆಂದು ಅಮ್ಮ ಎರಡು ಸಲ ವಿಚಾರಿಸಬೇಕಾಗುತ್ತಿತ್ತು.

ಖಾಸಗಿ ಬಸ್ಸಿನ ಏಜೆಂಟರಾಗಿದ್ದ ಅವರನ್ನು ನಾನು ಏಜೆಂಟ್ ಮಾವ ಎನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ. ನಮ್ಮ ಪಕ್ಕದ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆಂಡತಿ ತೀರಿಕೊಂಡಿದ್ದರಂತೆ. ಇನ್ನೊಂದು ಮದುವೆಯ ಮಾತೆತ್ತಿದವರ ಮನೆಗೆ ಹೋಗುವುದನ್ನೇ ಬಿಟ್ಟರಂತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ "ಸೀಟಿದೆ, ನಿಧಾನ ಹತ್ತಿ" ಎಂದು ಎಲ್ಲರಿಗೂ ಹೇಳುವವರು. ಹಾಗೆ ದಿನವೆಲ್ಲ ಜನರನ್ನು ಹತ್ತಿಸುತ್ತಿದ್ದವರ ಕೋಣೆಗೆ ಒಬ್ಬರೂ ಬಂದದ್ದನ್ನು ನಾನು ಕಾಣೆ. ಬೀದಿಯಲ್ಲಿ ಪರಿಚಿತರು ಸಿಕ್ಕರೆ ಹಿಡಿದು ನಿಲ್ಲಿಸಿ ಮಾತಾಡಿದ್ದೇ ಮಾತಾಡಿದ್ದು. ಅವರು ಹೊರಡಲು ಚಡಪಡಿಸಿದರೂ ಬಿಡುತ್ತಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ನಾನು ಎಂ.ಕಾಂ. ಓದುತ್ತಿದ್ದೆ, ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಮಲೆನಾಡಿನ ಸಣ್ಣ ಪೇಟೆಗಳ ಜವಳಿ ಅಂಗಡಿಯವರು ಯಾವ ಮಾಲು ತರಿಸಬೇಕೆಂದು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಪ್ರಬಂಧಕ್ಕೆ ಆರಿಸಿಕೊಂಡಿದ್ದೆ. ಪ್ರೊಫೆಸರಿಗೆ ನನ್ನ ಯೋಜನೆಯಲ್ಲಿ ನಂಬಿಕೆ ಇರಲಿಲ್ಲ. ಹೆಣ್ಣುಮಗಳು ಅಂಗಡಿ ಅಂಗಡಿ ತಿರುಗುವುದು ಆಗದ ಮಾತು ಎಂಬುದು ಅವರ ವಾದ. ರಜೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಪ್ರಶ್ನೆ ಕೇಳಿ ನೋಡಿ ಬಾ, ಉತ್ತರ ಸಿಗದಿದ್ದರೆ ಲೈಬ್ರರಿಯಲ್ಲಿ ಕೂತು ಬರೆಯುವ ವಿಷಯ ಕೊಡುತ್ತೇನೆ ಎಂದು ಕಳಿಸಿದ್ದರು. ಅಪ್ಪನಿಗೆ ಲಿಂಗನಮಕ್ಕಿ ಅಣೆಕಟ್ಟಿನ ಆಫೀಸಿನಲ್ಲಿ ಕೆಲಸ, ಮನೆಗೆ ಬರುವುದೇ ಅಪರೂಪ. ಒಬ್ಬಳನ್ನೇ ಕಳಿಸಲು ಅಮ್ಮ ಸುತರಾಂ ಒಪ್ಪಲಿಲ್ಲ. ಆಗ ಏಜೆಂಟ್ ಮಾವ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಹೊರಟರು.

ಸಾಗರದ ಅಂಗಡಿಯಲ್ಲಿ ಅವರನ್ನು ಗಾದಿಯ ಮೇಲೆ ಕೂರಿಸಿ ಕಾಫಿ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಂದೆ ಧಾರೆ ಸೀರೆಗಳು ಬಿಚ್ಚಿಕೊಂಡವು. ಬಂದದ್ದು ಮದುವೆಗಲ್ಲ, ಓದಿನ ಕೆಲಸಕ್ಕೆ ಎಂದು ವಿವರಿಸಿದ ಮೇಲೂ ಸಾಹುಕಾರರು ಪ್ರಶ್ನೆಯನ್ನು ನನ್ನಿಂದ ಕೇಳಿ ಉತ್ತರವನ್ನು ಮಾವನಿಗೆ ಹೇಳಿದರು. ಎರಡು ಮಾತಾಗುವುದರೊಳಗೆ ನನ್ನ ವಿಷಯ ಬದಿಗೆ ಸರಿದು, ಬಸ್ಸುಗಳು ಯಾಕೆ ತಡವಾಗುತ್ತವೆ ಎಂಬ ಪುರಾಣ ಶುರುವಾಯಿತು. ಹೊಸನಗರದಲ್ಲೂ ಅದೇ ಕಥೆ. ಅಲ್ಲಿಯವರು ಹುಡುಗಿಗೆ ಗಂಡು ಗೊತ್ತಾಗಿದೆಯೇ ಎಂದೂ ಮಾವನನ್ನು ವಿಚಾರಿಸಿದರು. ಎದುರಿಗಿದ್ದವರು ಕೂತು ಕೇಳುತ್ತಿದ್ದಾರೆ ಎಂಬ ಸಂತೋಷಕ್ಕೆ ಮಾವನ ಮುಖ ಅರಳಿಬಿಟ್ಟಿತ್ತು. ಸಿಟ್ಟು ಬಂದರೂ ಆ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ತೀರ್ಥಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ತರಗತಿಯಲ್ಲೂ ನನ್ನದು ಇದೇ ಪಾಡು. ಬೆಂಚಿನಲ್ಲಿ ಒಬ್ಬಳೇ, ಮಾತಾಡಿದರೆ ಕೇಳಿಸಿತೋ ಇಲ್ಲವೋ ಎಂದೂ ತಿಳಿಯುತ್ತಿರಲಿಲ್ಲ. ನಮ್ಮ ಊರುಗಳಲ್ಲೂ ಹೀಗೇ ಆಯಿತಲ್ಲ ಎಂದು ಅಳು ಬಂತು. ಏನಾಯಿತೆಂದು ಮಾವ ಕೇಳಿದಾಗ, "ಇಬ್ರೂ ನನ್ನ ಮುಖಾನೇ ನೋಡ್ಲಿಲ್ಲ ಮಾವ" ಎಂದೆ.

ತೀರ್ಥಹಳ್ಳಿಯ ಅಂಗಡಿಯ ಮೆಟ್ಟಿಲ ಹತ್ತಿರ ಮಾವ ನಿಂತರು. "ನಾ ಬಂದ್ರೆ ಮಾತೆಲ್ಲ ನನ್ ಹತ್ರಾನೇ ಆಗ್ತದೆ. ನೀನೇ ಹೋಗು ಮಗಾ, ನಾ ಇಲ್ಲೇ ಕೂತಿರ್ತೀನಿ" ಎಂದರು. ಅಂಗಡಿಗೆ ಬೆನ್ನು ಹಾಕಿ, ಬಿಸಿಲಿಗೆ ಮುಖ ಕೊಟ್ಟು ಜಗಲಿಯ ಮೇಲೆ ಕೂತುಬಿಟ್ಟರು. ಅಂಗಡಿಯವರು ಒಳಗೆ ಬನ್ನಿ, ಕಾಫಿ ತರಿಸುತ್ತೇನೆ ಎಂದು ಮತ್ತೆ ಮತ್ತೆ ಕರೆದರು. ಯಾರು ಮಾತಿಗೆ ಸಿಗುತ್ತಾರೆ ಎಂದು ಕಾಯುತ್ತಿದ್ದ ಆ ಮನುಷ್ಯ ಕೇಳಿಸದವರಂತೆ ಬೀದಿಯನ್ನೇ ನೋಡುತ್ತಿದ್ದರು. ಕರೆದು ಕರೆದು ಸಾಕಾಗಿ ಅಂಗಡಿಯವರು ಕೊನೆಗೆ ನನ್ನ ಕಡೆ ತಿರುಗಿದರು.

"ಎಂತ ಕೇಳ್ಬೇಕಿತ್ತಮ್ಮ?"

ಕೇಳಿದೆ. ಅವರು ಹೇಳುತ್ತ ಹೋದರು. ವಾಪಸು ಬರುವಾಗ ಹೊಸನಗರದಲ್ಲಿಳಿದು ಇನ್ನೊಂದು ಅಂಗಡಿ, ಮರುದಿನ ಸಾಗರದಲ್ಲಿ ಮತ್ತೊಂದು. ಎಲ್ಲ ಕಡೆಯೂ ಮಾವ ಹೊರಗೇ ಕೂತರು. ಯೋಜನೆಗೆ ಒಪ್ಪಿಗೆ ಸಿಕ್ಕಿತು. ಪ್ರಬಂಧವೂ ಮುಗಿಯಿತು, ನಾನು ಉಪನ್ಯಾಸಕಿಯಾದೆ.

ಅವರು ತೀರಿಕೊಂಡದ್ದು ನನ್ನ ಮದುವೆಯಾದ ಮೇಲೆ, ತೀರ್ಥಹಳ್ಳಿಯ ಅವರ ಅಣ್ಣನ ಮನೆಯಲ್ಲಿ. ವೈಕುಂಠ ಸಮಾರಾಧನೆಯ ದಿನ ಗಂಡನ ಜೊತೆ ಹೋದೆ. ಅಣ್ಣ ನನ್ನ ಗಂಡನ ಕಡೆ ತಿರುಗಿ, ನಮ್ಮ ತಮ್ಮ ನಿಮಗೆ ಹೇಗೆ ಪರಿಚಯ ಎಂದು ವಿಚಾರಿಸಿದರು. ಮಾವನನ್ನು ಒಂದು ಸಲವೂ ನೋಡಿರದ ನನ್ನ ಗಂಡ, ಪಾಪ, ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟರು.

"ನನ್ನನ್ನ ಕೇಳಿ" ಎಂದೆ.

ಎಲ್ಲ ಹೇಳಿದೆ. ಮನೆಯವರು ಒಬ್ಬೊಬ್ಬರಾಗಿ ಬಂದು ನನ್ನ ಸುತ್ತ ಕೂತು, ಯಾರದೋ ಕಥೆ ಕೇಳುವ ಹಾಗೆ ಕೇಳಿದರು. ಹೇಳಿ ಮುಗಿಸಿ, ಅವರಲ್ಲೂ ಯಾರಾದರೂ ಏನಾದರೂ ಹೇಳುತ್ತಾರೆ ಎಂದು ಕಾದೆ. ಆ ಮನೆಯಲ್ಲಿ ಮಾವನ ಬಗ್ಗೆ ಹೇಳಲು ಯಾರ ಹತ್ತಿರವೂ ಏನೂ ಇರಲಿಲ್ಲ.