ಅಕ್ಕನ ಕೈಗೆ ಸಿಕ್ಕಿದ ಟ್ಯೂಬು

ಬೇಲೂರು ನೋಡಿಕೊಂಡು ಬೆಳೆದವರಿಗೆ ಶಿಲ್ಪದ ವಿಷಯದಲ್ಲಿ ಸಣ್ಣದೊಂದು ಸೊಕ್ಕಿರುತ್ತದೆ. ನನಗೂ ಇತ್ತು. ನಮ್ಮಲ್ಲಿ ಕಲ್ಲೇ ಕುಣಿಯುವಾಗ, ನಾನು ಕೆಲಸಕ್ಕೆಂದು ಬಂದ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ ನೋಡುವುದೇನಿದೆ? ಹಾಗಾಗಿ ಕೆಳಗಿನ ಮನೆಯ ಇರ್ಮಾ ಸೈಕಲ್ ಅಂಗಡಿಗಳಿಂದ ಸವೆದ ಟ್ಯೂಬುಗಳನ್ನು ಹೊತ್ತು ತರುವಾಗ, ಪಂಕ್ಚರ್ ಹಾಕಿ ಮಾರುತ್ತಾರೇನೋ ಎಂದುಕೊಂಡಿದ್ದೆ.

ಇರ್ಮಾ ದಕ್ಷಿಣ ಅಮೆರಿಕದ ಸುರಿನಾಮ್ ಮೂಲದ ಕಪ್ಪು ಕಲಾವಿದೆ, ಅರವತ್ತರ ಹತ್ತಿರದವರು. ಟ್ಯೂಬುಗಳನ್ನು ಸೀಳಿ, ಗಂಟು ಹಾಕಿ, ಕೆಲವಕ್ಕೆ ಮರಳು ತುಂಬಿ ದೊಡ್ಡ ಬಲೆಯಂತೆ ಕಟ್ಟುತ್ತಿದ್ದರು. "ಇದು ನಮ್ಮ ಚರ್ಮ. ಎಲ್ಲರ ಭಾರ ಹೊತ್ತಿದೆ, ಎಳೆದಷ್ಟೂ ಎಳೆಸಿಕೊಂಡಿದೆ. ಆದರೆ ಬಿಟ್ಟಾಗ ಹೇಗೆ ಚಿಮ್ಮುತ್ತೆ ನೋಡಿ" ಎಂದು ಒಮ್ಮೆ ಮೆಟ್ಟಿಲ ಮೇಲೆ ನಿಂತು ಹೇಳಿದ್ದರು. ಆ ಬಲೆಯೊಳಗೆ ಹೊಕ್ಕು ಅವರು ಕುಣಿಯುತ್ತಾರೆಂದು ತಿಳಿದದ್ದು, ಹಳೆಯ ಕಾರ್ಖಾನೆಯೊಂದರ ಹಾಲ್‌ಗೆ ನಮ್ಮನ್ನು ಕರೆದಾಗ.

ಆಗ ದಾವಣಗೆರೆಯಿಂದ ಅಕ್ಕ ಬಂದಿದ್ದಳು. ನಿವೃತ್ತ ಶಾಲಾ ಶಿಕ್ಷಕಿ. ಮದುವೆಮನೆಯಲ್ಲಿ ಎಲ್ಲರೂ ಕುಣಿಯುವಾಗ ಎಲ್ಲರ ಬ್ಯಾಗು ಕಾಯುತ್ತಾ ಕೂರುವವಳು. ಹಾಲ್‌ನಲ್ಲೂ ನನ್ನ ಜರ್ಕಿನ್ ಮಡಿಲಲ್ಲಿಟ್ಟುಕೊಂಡು ಕೂತಳು.

ಇರ್ಮಾ ಎಳೆದರೆ ಶಿಲ್ಪದ ಆಕಾರ ಬದಲಾಗುತ್ತಿತ್ತು, ಶಿಲ್ಪ ಎಳೆದರೆ ಇರ್ಮಾರ ಮೈ ಬದಲಾಗುತ್ತಿತ್ತು. ಯಾರು ಯಾರನ್ನು ಕುಣಿಸುತ್ತಿದ್ದಾರೆಂದು ನಾನು ಯೋಚಿಸುತ್ತಿರುವಾಗ ಪಕ್ಕದೂರು ವೆಲ್ಡ್‌ಹೋವನ್ನಿನ ನಮ್ಮ ಆಫೀಸಿನಿಂದ ಫೋನ್ ಬಂತು. ಮಷೀನ್ ನಿಂತಿದೆಯಂತೆ. ಹೊರಗೆ ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತು ಬಹಳ ಗಂಭೀರವಾಗಿ ಏನೇನೋ ಮಾತಾಡಿದೆ. ಏನೆಂದು ಈಗ ನೆನಪಿಲ್ಲ.

ಒಳಗೆ ಬಂದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಡುವೆ ಇರ್ಮಾ. ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರಿ, ಏದುಸಿರು ಬಿಡುತ್ತಿದ್ದ ನನ್ನ ಅಕ್ಕ. ಟ್ಯೂಬಿನ ತುದಿ ಇನ್ನೂ ಕೈಯಲ್ಲೇ ಇತ್ತು.

"ನಾನು ಒಂದು ತುದಿ ಕೊಟ್ಟೆ ಅಷ್ಟೆ. ಆಮೇಲೆ ಇವರೇ ನನ್ನನ್ನು ಕುಣಿಸಿದರು" ಎಂದರು ಇರ್ಮಾ.

ಬಸ್ಸಿನಲ್ಲಿ ಅಕ್ಕನನ್ನು ಕೇಳಿದೆ. "ಏನಿಲ್ಲ ಬಿಡೋ, ಅವ್ರು ಎಳುದ್ರು, ನಾನೂ ಎಳ್ದೆ" ಎಂದು ಕಿಟಕಿಯ ಕಡೆ ತಿರುಗಿ ನಕ್ಕಳು.

ಮುಂದೆ ಇರ್ಮಾರ ಸೊಂಟದ ಆಪರೇಷನ್ ಆಯಿತು, ಕುಣಿತ ನಿಂತಿತು. ಅವರು ನ್ಯೂವೆಗೈನ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೋದರು. ಬಲೆ ಮ್ಯೂಸಿಯಂ ಸೇರಿತು. ಮೊನ್ನೆ ನೋಡಿಬಂದೆ. ಒಳ್ಳೆಯ ಬೆಳಕು, ಕೆಳಗೆ 'ಮುಟ್ಟಬೇಡಿ' ಎಂಬ ಬೋರ್ಡು. ಬೇಲೂರಿನ ಶಿಲಾಬಾಲಿಕೆ ಕುಣಿತವನ್ನು ಮೈಯೊಳಗೇ ಉಳಿಸಿಕೊಂಡಿದ್ದಾಳೆ, ಯಾವಾಗ ಹೋದರೂ ಸಿಗುತ್ತದೆ. ಈ ರಬ್ಬರು ಹಾಗಲ್ಲ, ಆ ಸಂಜೆಯೇ ಎಲ್ಲವನ್ನೂ ಖರ್ಚು ಮಾಡಿಬಿಟ್ಟಿದೆ. ನಾನಿಲ್ಲದಾಗ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ನೀನು ಕುಣಿದಿದ್ದು ನಾನೊಬ್ನೇ ನೋಡ್ಲಿಲ್ಲ ಅಕ್ಕ. ಆ ಫೋನ್ ತಗೋಬಾರ್ದಾಗಿತ್ತು."

ಅಕ್ಕ ಅಂದಳು, "ನೀನು ಎದ್ದು ಹೋದೆ ಅಂತಾನೇ ಕಣೋ ನಂಗೆ ಧೈರ್ಯ ಬಂದಿದ್ದು. ಪಕ್ಕದಲ್ಲೇ ಕೂತಿದ್ರೆ ನಾನೆಲ್ಲಿ ಏಳ್ತಿದ್ದೆ?"

ಇಷ್ಟು ವರ್ಷ ಹೊರಗೆ ಹೋದದ್ದಕ್ಕೆ ಕೊರಗುತ್ತಿದ್ದೆ. ಈಗಿನ ಕೊರಗು ಬೇರೆ: ಇನ್ನೂ ಎಷ್ಟು ಕಡೆ ನಾನು ಎದ್ದು ಹೋಗಬೇಕಿತ್ತೋ.